ಟ್ರೇಡಿಂಗ್ ಬಾಟ್ ವಂಚನೆ: ಪರೀಕ್ಷಿಸಿ ನೋಡಿದವರೂ ಸಿಕ್ಕಿಬೀಳುವುದೇಕೆ?

ಕ್ರಿಪ್ಟೊ ಟ್ರೇಡಿಂಗ್ ಬಾಟ್ ಹೆಸರಿನಲ್ಲಿ ದುಡ್ಡು ಕಳೆದುಕೊಂಡವರ ಬಗ್ಗೆ ಊರು ಆಡುವುದು ಒಂದೇ ಮಾತು: ಅತಿಯಾಸೆ. ಈ ಮಾತು ನ್ಯಾಯವಲ್ಲ, ಪೂರ್ತಿ ನಿಜವೂ ಅಲ್ಲ. ಕಳೆದುಕೊಂಡ ಎಷ್ಟೋ ಮಂದಿ ಮೊದಲು ಐದು ಸಾವಿರ ಹಾಕಿ ನೋಡಿರುತ್ತಾರೆ. ಒಂದು ವಾರ ಕಾದು, ಬಂದ ಲಾಭವನ್ನು ಬ್ಯಾಂಕ್ ಖಾತೆಗೆ ಇಳಿಸಿಕೊಂಡಿರುತ್ತಾರೆ. ಕಂಪನಿಯ ನೋಂದಣಿ ಪತ್ರ ಕೇಳಿರುತ್ತಾರೆ. ಪರಿಚಯಿಸಿದವರ ಮೊಬೈಲ್ ತೆರೆಸಿ ಅವರ ಖಾತೆಯನ್ನೂ ಕಣ್ಣಾರೆ ಕಂಡಿರುತ್ತಾರೆ. ಇಷ್ಟೆಲ್ಲ ಆದಮೇಲೆಯೇ ಎರಡು ಲಕ್ಷ, ಐದು ಲಕ್ಷ ಹಾಕುವುದು. ಜನ ಸಾಮಾನ್ಯವಾಗಿ ಯಾವ ಯಾವ ಪರೀಕ್ಷೆ ಮಾಡುತ್ತಾರೆ ಎಂಬುದು ವಂಚಕರಿಗೆ ಗೊತ್ತು. ಆ ಪ್ರತಿಯೊಂದರಲ್ಲೂ ಪಾಸಾಗುವ ಹಾಗೆಯೇ ಈ ಮೋಸವನ್ನು ಕಟ್ಟಿರುತ್ತಾರೆ. ಯಾವ ಪರೀಕ್ಷೆಗೆ ಬೆಲೆಯಿಲ್ಲ, ಯಾವುದಕ್ಕಿದೆ ಎಂದು ಬಿಡಿಸಿ ನೋಡೋಣ.

ಬಾಟ್ ಎಂಬುದೇನೂ ಕಟ್ಟುಕತೆಯಲ್ಲ. ನಾವು ಹಾಕಿಕೊಟ್ಟ ನಿಯಮದಂತೆ ಎಕ್ಸ್‌ಚೇಂಜ್‌ಗೆ ತಾನೇ ಆರ್ಡರ್ ಕಳಿಸುವ ತಂತ್ರಾಂಶ ಅದು. ಎಕ್ಸ್‌ಚೇಂಜ್ ಎಂದರೆ ಕ್ರಿಪ್ಟೊ ಕೊಳ್ಳುವ, ಮಾರುವ ಆನ್‌ಲೈನ್ ಮಾರುಕಟ್ಟೆ. ಗ್ರಿಡ್ ಬಾಟ್ ತೆಗೆದುಕೊಳ್ಳಿ. ಒಂದು ಕಾಯಿನ್‌ನ ದರ 100 ಮತ್ತು 110 ರೂಪಾಯಿ ನಡುವೆ ಓಲಾಡುತ್ತಿದೆ ಎಂದುಕೊಳ್ಳಿ. ಬಾಟ್ ರೂಪಾಯಿಗೊಂದು ಮೆಟ್ಟಿಲು ಹಾಕಿಕೊಂಡು, ದರ ಒಂದು ಮೆಟ್ಟಿಲು ಇಳಿದಾಗ ಕೊಳ್ಳುತ್ತದೆ, ಏರಿದಾಗ ಮಾರುತ್ತದೆ. ದರ ಆ ಗೆರೆಗಳ ಒಳಗಿರುವಷ್ಟು ದಿನ ಚಿಲ್ಲರೆ ಲಾಭ ಬೀಳುತ್ತಿರುತ್ತದೆ. ಅದು 80ಕ್ಕೆ ಜಾರಿದರೆ, ಇಳಿಯುವ ದಾರಿಯುದ್ದಕ್ಕೂ ಕೊಂಡ ಕಾಯಿನ್‌ಗಳೆಲ್ಲ ನಷ್ಟದಲ್ಲೇ ಕೈಯಲ್ಲಿ ಉಳಿಯುತ್ತವೆ. ಆರ್ಬಿಟ್ರಾಜ್ ಬಾಟ್‌ನದು ಇನ್ನೊಂದು ಬಗೆ: ಒಂದು ಎಕ್ಸ್‌ಚೇಂಜ್‌ನಲ್ಲಿ ಅಗ್ಗಕ್ಕೆ ಕೊಂಡು ಇನ್ನೊಂದರಲ್ಲಿ ದುಬಾರಿಗೆ ಮಾರುವುದು. ಎರಡರ ನಡುವೆ ಶೇ 0.2ರಷ್ಟು ಅಂತರವಿದ್ದು, ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1 ಶುಲ್ಕ ತೆತ್ತರೆ ಉಳಿಯುವುದು ಸೊನ್ನೆ. ದೊಡ್ಡ ಸಂಸ್ಥೆಗಳು ಕಡಿಮೆ ಶುಲ್ಕ ಮತ್ತು ವೇಗದ ಸರ್ವರ್‌ಗಳ ಬಲದಿಂದ ಇದರಲ್ಲಿ ದುಡಿಯುತ್ತವೆ. ಅವುಗಳಿಗೂ ಮಿತಿಯುಂಟು. ಹತ್ತು ಲಕ್ಷ ರೂಪಾಯಿಯ ಆರ್ಡರ್ ನುಂಗುವ ಮಾರುಕಟ್ಟೆ ನೂರು ಕೋಟಿಯ ಆರ್ಡರ್ ಬಂದರೆ ದರವನ್ನೇ ಬದಲಿಸಿಬಿಡುತ್ತದೆ. ಅಂದರೆ ನಿಜವಾಗಿ ದುಡಿಯುವ ಬಾಟ್‌ಗೆ ಬಂಡವಾಳ ಬಂದು ಬಿದ್ದಷ್ಟೂ ಲಾಭದ ದರ ಇಳಿಯಬೇಕು. 'ಎಷ್ಟು ಬೇಕಾದರೂ ಹಾಕಿ, ಜಾಸ್ತಿ ಹಾಕಿದರೆ ಜಾಸ್ತಿ ಪರ್ಸೆಂಟ್' ಎನ್ನುವ ಬಾಟ್ ಈ ಲೆಕ್ಕಕ್ಕೆ ತಲೆಕೆಳಗು.

ದಿನಕ್ಕೆ ಒಂದು ಪರ್ಸೆಂಟ್

ಬಾಟ್ ವಂಚನೆಗಳು ಲಾಭವನ್ನು ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ. ದಿನದ ಲೆಕ್ಕದಲ್ಲಿ ಹೇಳುತ್ತವೆ. ಇದಕ್ಕೆ ಕಾರಣವಿದೆ. ನಮ್ಮಲ್ಲಿ ಬ್ಯಾಂಕಿನ ಠೇವಣಿ, ಸಾಲಗಳಿಗಷ್ಟೇ ವಾರ್ಷಿಕ ದರ. ಕೈಸಾಲದ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಮೂರು ರೂಪಾಯಿ ಎಂದೇ ಆಡುತ್ತೇವೆ. ಮೀಟರ್ ಬಡ್ಡಿ ಹತ್ತು ರೂಪಾಯಿ ದಾಟುವುದೂ ಉಂಟು. ಈ ಭಾಷೆಗೆ ಒಗ್ಗಿದ ಕಿವಿಗೆ 'ತಿಂಗಳಿಗೆ ಹತ್ತು ಪರ್ಸೆಂಟ್' ಎಂದರೆ ಜಾಸ್ತಿ ಅನ್ನಿಸಬಹುದು, ಅಸಾಧ್ಯ ಅನ್ನಿಸುವುದಿಲ್ಲ. 'ದಿನಕ್ಕೆ ಅರ್ಧ ಪರ್ಸೆಂಟ್' ಎಂದರಂತೂ ತೀರಾ ಸಾಧಾರಣ ಅನ್ನಿಸುತ್ತದೆ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಶೇ 1 ಬಂದು, ಬಂದದ್ದೆಲ್ಲ ಮತ್ತೆ ಬಂಡವಾಳಕ್ಕೇ ಸೇರುತ್ತ ಹೋದರೆ 1 ಲಕ್ಷ ರೂಪಾಯಿ ಒಂದು ವರ್ಷದಲ್ಲಿ ಸುಮಾರು 37.8 ಲಕ್ಷವಾಗುತ್ತದೆ. ಎರಡು ವರ್ಷಕ್ಕೆ 14 ಕೋಟಿ, ಮೂರಕ್ಕೆ 539 ಕೋಟಿ, ನಾಲ್ಕಕ್ಕೆ 20 ಸಾವಿರ ಕೋಟಿ. ಐದನೇ ವರ್ಷದ ಕೊನೆಗೆ 7.7 ಲಕ್ಷ ಕೋಟಿ. ಕರ್ನಾಟಕ ಸರ್ಕಾರದ 2025-26ರ ಬಜೆಟ್ ಗಾತ್ರ 4.09 ಲಕ್ಷ ಕೋಟಿ. ಇಂಥ ಬಾಟ್ ನಿಜಕ್ಕೂ ಇದ್ದರೆ ಅದರ ಒಡೆಯ ನಿಮ್ಮ ಐದು ಸಾವಿರಕ್ಕಾಗಿ ಜೂಮ್ ಮೀಟಿಂಗ್ ಇಡುವ ಅಗತ್ಯವೇ ಇರುವುದಿಲ್ಲ. ತನ್ನದೇ ಒಂದು ಲಕ್ಷ ಸಾಕು.

ಇದೇನೂ ಉತ್ಪ್ರೇಕ್ಷೆಯ ಉದಾಹರಣೆಯಲ್ಲ. ಬಿಟ್‌ಕನೆಕ್ಟ್ ಎಂಬ ಬಾಟ್ ಯೋಜನೆ ತನ್ನ ಜಾಲತಾಣದಲ್ಲಿ ತೋರಿಸುತ್ತಿದ್ದ ಲಾಭ ಸರಾಸರಿ ದಿನಕ್ಕೆ ಶೇ 1, ಅಂದರೆ ವರ್ಷಕ್ಕೆ ಸುಮಾರು ಶೇ 3,700 ಎಂದು ಅಮೆರಿಕದ ಷೇರು ನಿಯಂತ್ರಣ ಆಯೋಗ 2021ರಲ್ಲಿ ಹೂಡಿದ ದಾವೆಯಲ್ಲಿ ಹೇಳಿತು. ಟ್ರೇಡ್ ಕಾಯಿನ್ ಕ್ಲಬ್ ಎಂಬ ಇನ್ನೊಂದು ಯೋಜನೆ ದಿನಕ್ಕೆ ಕನಿಷ್ಠ ಶೇ 0.35 ಕೊಡುತ್ತೇನೆಂದಿತ್ತು. ನೋಡಲು ಎಷ್ಟು ಸಣ್ಣ ಅಂಕಿ! ಆದರೂ ವರ್ಷಕ್ಕೆ ಒಂದು ಲಕ್ಷ ಮೂರೂವರೆ ಲಕ್ಷ ದಾಟುತ್ತದೆ. 2016ರಿಂದ 2018ರ ನಡುವೆ ಆ ಯೋಜನೆ ಒಂದು ಲಕ್ಷಕ್ಕೂ ಹೆಚ್ಚು ಜನರಿಂದ 82 ಸಾವಿರಕ್ಕೂ ಹೆಚ್ಚು ಬಿಟ್‌ಕಾಯಿನ್ ಸಂಗ್ರಹಿಸಿತು ಎಂಬುದು ಅದೇ ಆಯೋಗದ ಆರೋಪ.

ಬಿಟ್‌ಕನೆಕ್ಟ್ ಒಳಗೆ

ಬಿಟ್‌ಕನೆಕ್ಟ್ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಮೇಲೆ ಬಂದ ಯೋಜನೆಗಳಲ್ಲಿ ಕಾಣುವ ಅಂಗಾಂಗಗಳೆಲ್ಲ ಅದರಲ್ಲೇ ಇವೆ. ಅದರ ಬೇರು ಗುಜರಾತಿನಲ್ಲೂ ಇದೆ. ಸ್ಥಾಪಕ ಎನ್ನಲಾದ ಸತೀಶ್ ಕುಂಭಾನಿ ಮೇಲೆ 2022ರ ಫೆಬ್ರುವರಿಯಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿ 240 ಕೋಟಿ ಡಾಲರ್ ವಂಚನೆಯ ಆರೋಪಪಟ್ಟಿ ಹೊರಿಸಿತು. ಭಾರತದ ಜಾರಿ ನಿರ್ದೇಶನಾಲಯ 2025ರ ಫೆಬ್ರುವರಿಯಲ್ಲಿ ಇದೇ ಪ್ರಕರಣದಲ್ಲಿ 1,646 ಕೋಟಿ ರೂಪಾಯಿ ಮೌಲ್ಯದ ಕ್ರಿಪ್ಟೊ ವಶಪಡಿಸಿಕೊಂಡಿತು.

ವ್ಯವಸ್ಥೆ ಹೀಗಿತ್ತು. ನೀವು ಬಿಟ್‌ಕಾಯಿನ್ ಕೊಟ್ಟು ಅವರದೇ ಟೋಕನ್ (ಅವರೇ ಹೊರಡಿಸಿದ ಕ್ರಿಪ್ಟೊ ನಾಣ್ಯ) ಕೊಳ್ಳಬೇಕು. ಆ ಟೋಕನ್ ಅನ್ನು ಡಾಲರ್ ಲೆಕ್ಕದಲ್ಲಿ ಅವರಿಗೇ 'ಸಾಲ' ಕೊಡಬೇಕು. 'ಟ್ರೇಡಿಂಗ್ ಬಾಟ್' ಮತ್ತು 'ವೊಲಾಟಿಲಿಟಿ ಸಾಫ್ಟ್‌ವೇರ್' ಆ ದುಡ್ಡನ್ನು ದುಡಿಸಿ ದಿನವೂ ಲಾಭ ಕೊಡುತ್ತದೆ. ತಿಂಗಳಿಗೆ ಶೇ 40ರವರೆಗೆ ಎಂಬುದು ಪ್ರಚಾರ. 100ರಿಂದ 1,000 ಡಾಲರ್ ಹಾಕಿದರೆ ಅಸಲು ವಾಪಸಾಗುವುದು 299 ದಿನಗಳ ಮೇಲೆ. 10 ಸಾವಿರ ಡಾಲರ್ ದಾಟಿದರೆ 120 ದಿನ ಸಾಕು, ಮೇಲೆ ದಿನಕ್ಕೆ ಶೇ 0.25 ಹೆಚ್ಚುವರಿ. ಹೊಸಬರನ್ನು ಸೇರಿಸಿದರೆ ಕಮಿಷನ್.

ಈಗ ಇದರ ಒಂದೊಂದು ಭಾಗವನ್ನು ನಡೆಸುವವರ ಕಡೆಯಿಂದ ನೋಡಿ. ಒಬ್ಬರು 1 ಲಕ್ಷ ಹಾಕಿದರು, ಪರಿಚಯಿಸಿದವರಿಗೆ 10 ಸಾವಿರ ಕಮಿಷನ್ ಹೋಯಿತು ಎಂದಿಟ್ಟುಕೊಳ್ಳಿ. ಉಳಿದದ್ದು 90 ಸಾವಿರ. ತಿಂಗಳಿಗೆ 10 ಸಾವಿರ 'ಲಾಭ' ಕೊಟ್ಟರೆ ಒಂದೇ ಒಂದು ರೂಪಾಯಿಯ ವ್ಯಾಪಾರ ಮಾಡದೆ, ಹೊಸ ಸದಸ್ಯರೂ ಇಲ್ಲದೆ ಒಂಬತ್ತು ತಿಂಗಳು ನಿಭಾಯಿಸಬಹುದು. ಸೇರಿದವರಲ್ಲಿ ಅರ್ಧದಷ್ಟು ಜನ ಲಾಭ ತೆಗೆಯದೆ 'ಕಾಂಪೌಂಡಿಂಗ್'ಗೆ ಬಿಟ್ಟರೆ ಆ ಒಂಬತ್ತು ತಿಂಗಳು ಹದಿನೆಂಟಾಗುತ್ತದೆ. ಕಾಂಪೌಂಡಿಂಗ್ ಗುಂಡಿಯನ್ನು ದೊಡ್ಡದಾಗಿ, ವಿತ್‌ಡ್ರಾ ಗುಂಡಿಯನ್ನು ಮೆನುವಿನ ಮೂಲೆಯಲ್ಲಿ ಇಡುವುದು ಇದಕ್ಕೇ. 299 ದಿನಗಳ ಬೀಗವೂ ಇದಕ್ಕೇ: ಲಾಭ ದಿನವೂ ಹೊರಡಲಿ, ಅಸಲು ಮಾತ್ರ ಒಳಗೇ ಇರಲಿ.

ಇನ್ನೂ ಒಂದು ಸಂಗತಿ ಇದೆ, ಇದನ್ನು ಗಮನಿಸಿದವರು ಕಡಿಮೆ. ಅವರು ವಸೂಲಿ ಮಾಡುತ್ತಿದ್ದುದು ಬಿಟ್‌ಕಾಯಿನ್ ರೂಪದಲ್ಲಿ, ಬಾಕಿ ಬರೆದುಕೊಂಡಿದ್ದು ಡಾಲರ್ ಲೆಕ್ಕದಲ್ಲಿ. 2017ರ ಜನವರಿಯಲ್ಲಿ ಸಾವಿರ ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ ಡಿಸೆಂಬರ್ ಹೊತ್ತಿಗೆ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಅಂದರೆ ವರ್ಷದ ಮೊದಲು ತೆಗೆದುಕೊಂಡ ಒಂದು ಬಿಟ್‌ಕಾಯಿನ್‌ನಿಂದ ವರ್ಷದ ಕೊನೆಗೆ ಹತ್ತಾರು ಜನರ ಡಾಲರ್ ಬಾಕಿ ತೀರಿಸಬಹುದಿತ್ತು. ದುಡಿದದ್ದು ಏರುವ ಮಾರುಕಟ್ಟೆ, ಹೆಸರು ಬಂದದ್ದು ಬಾಟ್‌ಗೆ. ಹೂಡಿಕೆದಾರರ ಲೆಕ್ಕವೂ ಇಲ್ಲೇ ತಪ್ಪಿತು: ತಮ್ಮ ಬಿಟ್‌ಕಾಯಿನ್ ಅನ್ನು ಸುಮ್ಮನೆ ಇಟ್ಟುಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದು ಹೋಲಿಸುವ ಬದಲು, ಬ್ಯಾಂಕಿನ ಬಡ್ಡಿಗೆ ಹೋಲಿಸಿದರು.

2018ರ ಜನವರಿ 4ರಂದು ಟೆಕ್ಸಾಸ್, ಕೆಲವೇ ದಿನಗಳಲ್ಲಿ ನಾರ್ತ್ ಕೆರೊಲಿನಾ ರಾಜ್ಯಗಳ ನಿಯಂತ್ರಕರು ನಿಲ್ಲಿಸುವಂತೆ ಆದೇಶ ಹೊರಡಿಸಿದರು. ಬಿಟ್‌ಕಾಯಿನ್ ದರವೂ ಇಳಿಮುಖವಾಗಿತ್ತು. ಜನವರಿ 16ರಂದು ಬಿಟ್‌ಕನೆಕ್ಟ್ ಸಾಲದ ಯೋಜನೆಯನ್ನು ಮುಚ್ಚಿತು. ಎಲ್ಲರ ಅಸಲನ್ನೂ 'ವಾಪಸ್ ಕೊಟ್ಟಿತು', ಟೋಕನ್ ರೂಪದಲ್ಲಿ, ಒಂದಕ್ಕೆ 363.62 ಡಾಲರ್ ಎಂಬ ಹಿಂದಿನ ಸರಾಸರಿ ದರದಲ್ಲಿ. ಅದೇ ಟೋಕನ್‌ನ ಮಾರುಕಟ್ಟೆ ದರ ಶೇ 90ಕ್ಕಿಂತ ಹೆಚ್ಚು ಕುಸಿದು 40 ಡಾಲರಿಗಿಂತ ಕೆಳಗೆ ಬಂತು. ಕಾಗದದ ಮೇಲೆ ಬಾಕಿ ಚುಕ್ತಾ. ಅಸಲನ್ನು ಸಂಸ್ಥೆಯದೇ ಟೋಕನ್‌ಗೆ ಬದಲಿಸುವ ಈ ಉಪಾಯ ಇಂದಿಗೂ ಚಾಲ್ತಿಯಲ್ಲಿದೆ. 'ನಿಮ್ಮ ಬ್ಯಾಲೆನ್ಸ್ ನಮ್ಮ ಹೊಸ ಕಾಯಿನ್‌ಗೆ ಮೈಗ್ರೇಟ್ ಆಗುತ್ತದೆ' ಎಂಬ ಸಂದೇಶ ಬಂದರೆ ಒಳಗೆ ದುಡ್ಡಿಲ್ಲ ಎಂದೇ ತಿಳಿಯಿರಿ.

ಸುಳ್ಳಿಗೂ ನಿಜಕ್ಕೂ ಒಂದೇ ಉತ್ತರ ಕೊಡುವ ಪರೀಕ್ಷೆಗಳು

ಮೊದಲನೆಯದು ಸಣ್ಣ ವಿತ್‌ಡ್ರಾ. ಐದು ಸಾವಿರ ಹಾಕಿ, ವಾರದ ಮೇಲೆ ಏಳುನೂರು ತೆಗೆದರು, ಬಂತು. ನಿಜವಾದ ಸೇವೆಯಾದರೆ ಬರುತ್ತದೆ. ಮೋಸವಾದರೂ ಬರುತ್ತದೆ, ಇನ್ನೂ ಬೇಗ ಬರುತ್ತದೆ. ಎರಡೂ ಸಂದರ್ಭದಲ್ಲಿ ಒಂದೇ ಉತ್ತರ ಕೊಡುವ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಆದರೆ ಮನಸ್ಸಿಗೆ ಅದು ದೊಡ್ಡ ಸಾಕ್ಷಿ, ಏಕೆಂದರೆ ಬೇರೆಯವರ ಮಾತಲ್ಲ, ಸ್ವಂತ ಅನುಭವ. ಆ ಏಳುನೂರು ರೂಪಾಯಿ ವಂಚಕರ ಪಾಲಿಗೆ ಜಾಹೀರಾತಿನ ಖರ್ಚು.

ಎರಡನೆಯದು ಡ್ಯಾಶ್‌ಬೋರ್ಡ್. ಪರದೆಯ ಮೇಲೆ ಹಸಿರು ಅಂಕಿ ಏರುತ್ತಿರುತ್ತದೆ, ನಿಮಿಷಕ್ಕೊಂದು ಟ್ರೇಡ್ ಬೀಳುತ್ತಿರುತ್ತದೆ. ಇದು ಎಕ್ಸ್‌ಚೇಂಜ್‌ನಿಂದ ಬಂದ ಮಾಹಿತಿಯಲ್ಲ, ವಂಚಕರ ಡೇಟಾಬೇಸ್‌ನಲ್ಲಿರುವ ಒಂದು ಅಂಕಣ. ಸ್ವಲ್ಪ ಚಾಣಾಕ್ಷರು ಮೆಟಾಟ್ರೇಡರ್ ಎಂಬ ಟ್ರೇಡಿಂಗ್ ಆ್ಯಪ್‌ನ ಖಾತೆಯ 'ಇನ್ವೆಸ್ಟರ್ ಪಾಸ್‌ವರ್ಡ್' ಕೊಡುತ್ತಾರೆ. ಅದರಿಂದ ನೋಡಬಹುದು, ಮುಟ್ಟಲಾಗದು. ಆ್ಯಪ್ ಅಸಲಿಯೇ, ದರಗಳೂ ಅಸಲಿಯೇ. ಖಾತೆ ಮಾತ್ರ ನಕಲಿ ದುಡ್ಡಿನಲ್ಲಿ ಆಡುವ ಡೆಮೊ ಸರ್ವರ್‌ನದು, ಅಥವಾ ಅವರೇ ನಡೆಸುವ ಬ್ರೋಕರ್‌ನದು. ದಕ್ಷಿಣ ಆಫ್ರಿಕಾದ ಮಿರರ್ ಟ್ರೇಡಿಂಗ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಕಾರ್ನೀಲಿಯಸ್ ಸ್ಟೇನ್‌ಬರ್ಗ್ ಎಂಬಾತ ನಡೆಸುತ್ತಿದ್ದ ಈ ಸಂಸ್ಥೆ ತನ್ನ ಬಾಟ್ ವಿದೇಶಿ ವಿನಿಮಯದಲ್ಲಿ ವ್ಯವಹರಿಸುತ್ತದೆ ಎಂದು ಹೇಳಿ, ಅಮೆರಿಕದ ಫ್ಯೂಚರ್ಸ್ ನಿಯಂತ್ರಕ ಸಂಸ್ಥೆಯ ಪ್ರಕಾರ, ಕನಿಷ್ಠ 29,421 ಬಿಟ್‌ಕಾಯಿನ್ ಪಡೆದಿತ್ತು. ಹೇಳಿದಂಥ ಲಾಭದ ಬಾಟ್ ಇರಲಿಲ್ಲ. ಇಲ್ಲದ ಬ್ರೋಕರ್ ಸಂಸ್ಥೆಯೊಂದನ್ನು ಹುಟ್ಟಿಸಿ, ನಡೆಯದ ವ್ಯವಹಾರಗಳ ಸ್ಟೇಟ್‌ಮೆಂಟ್ ತೋರಿಸಿದ್ದರು. 2020ರ ಡಿಸೆಂಬರ್‌ನಲ್ಲಿ ಸಂಸ್ಥೆ ಕುಸಿಯಿತು. ಸ್ಟೇನ್‌ಬರ್ಗ್ ಮರುವರ್ಷ ಬ್ರೆಜಿಲ್‌ನಲ್ಲಿ ಸಿಕ್ಕಿಬಿದ್ದ. 2023ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯಾಲಯ ಆತ 173 ಕೋಟಿ ಡಾಲರ್ ಪರಿಹಾರ, ಅಷ್ಟೇ ದಂಡ ಕಟ್ಟಬೇಕೆಂದು ಆದೇಶಿಸಿತು.

ಮೂರನೆಯದು ನೋಂದಣಿ ಪತ್ರ. ಬ್ರಿಟನ್‌ನಲ್ಲಿ 2024ರ ಮೇವರೆಗೆ ಆನ್‌ಲೈನ್‌ನಲ್ಲಿ ಕಂಪನಿ ನೋಂದಾಯಿಸಲು ಸಾಕಾಗುತ್ತಿದ್ದುದು 12 ಪೌಂಡ್. ಬಿಟ್‌ಕನೆಕ್ಟ್ ಹೆಸರಿನ ಕಂಪನಿಯೂ ಅಲ್ಲಿ ನೋಂದಣಿಯಾಗಿತ್ತು. ನಮ್ಮಲ್ಲಿ ಕಂಪನಿ ನೋಂದಣಿ, ಜಿಎಸ್‌ಟಿ ಸಂಖ್ಯೆ, ಉದ್ಯಮ್ ಪ್ರಮಾಣಪತ್ರಗಳನ್ನು ಚೌಕಟ್ಟು ಹಾಕಿಸಿ ತೋರಿಸುತ್ತಾರೆ. ಇವೆಲ್ಲ 'ಈ ಹೆಸರಿನ ಸಂಸ್ಥೆಯೊಂದಿದೆ' ಎಂದಷ್ಟೇ ಹೇಳುತ್ತವೆ. ಜನರಿಂದ ದುಡ್ಡು ಪಡೆದು ಲಾಭ ಕೊಡಲು ಅನುಮತಿ ಇದೆ ಎಂದಲ್ಲ. 2023ರ ಮಾರ್ಚ್‌ನಿಂದ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು. ಅದು ಅಕ್ರಮ ಹಣ ತಡೆಯುವ ಕ್ರಮ. ಯಾವುದೇ ಲಾಭದ ಯೋಜನೆಗೆ ಸರ್ಕಾರದ ಒಪ್ಪಿಗೆ ಎಂದು ಅದಕ್ಕೆ ಅರ್ಥವಿಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ಬಲವಾದದ್ದು: ಪರಿಚಯಿಸಿದವರ ಮೇಲಿನ ನಂಬಿಕೆ. ಊರಿನಲ್ಲಿ ಚೀಟಿ ನಡೆಯುವುದೇ ಹೀಗೆ. ಚೀಟಿ ನಡೆಸುವವರ ಮನೆ ಗೊತ್ತು, ಮಾತು ಗೊತ್ತು, ಅಷ್ಟು ಸಾಕು. ಆ ನಂಬಿಕೆಯಲ್ಲಿ ತಪ್ಪಿಲ್ಲ, ಏಕೆಂದರೆ ಅಲ್ಲಿ ದುಡ್ಡು ಇರುವುದು ನೀವು ನಂಬಿದ ವ್ಯಕ್ತಿಯ ಕೈಯಲ್ಲೇ. ಬಾಟ್ ಯೋಜನೆಯಲ್ಲಿ ಹಾಗಲ್ಲ. ನೀವು ನಂಬುವುದು ಭಾವನನ್ನೋ ಸಹೋದ್ಯೋಗಿಯನ್ನೋ. ದುಡ್ಡು ಹೋಗುವುದು ಅವರೂ ಕಂಡಿರದ ಯಾರದೋ ವಾಲೆಟ್‌ಗೆ. ಅವರು ಸುಳ್ಳು ಹೇಳುತ್ತಿಲ್ಲ. ತಮ್ಮ ಪರದೆಯಲ್ಲಿ ಕಂಡದ್ದನ್ನು, ತಮಗೆ ಬಂದ ಏಳುನೂರನ್ನು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದಾರೆ. ಮೋಸಗಾರ ಮನೆ ಬಾಗಿಲಿಗೆ ಬಂದರೆ ಒಳಗೆ ಬಿಡದವರು, ಮೋಸಹೋದ ನೆಂಟರು ಬಂದಾಗ ಕಾಫಿ ಕೊಟ್ಟು ಕೂರಿಸುತ್ತಾರೆ. ಒಮ್ಮೆ ನಾಲ್ವರಿಗೆ 'ಐಡಿ' ಮಾಡಿಸಿ ಯೋಜನೆಗೆ ಸೇರಿಸಿದವರು ಆಮೇಲೆ ಅನುಮಾನ ಬಂದರೂ ಬಾಯಿಬಿಡಲಾರರು. ದುಡ್ಡಿನ ಜೊತೆ ಸಂಬಂಧವೂ ಹೋಗುತ್ತದೆಂಬ ಭಯ.

ಬಾಟ್ ಎಂಬ ಪದವೂ ತನ್ನ ಪಾಲಿನ ಕೆಲಸ ಮಾಡುತ್ತದೆ. ಮನುಷ್ಯ ಟ್ರೇಡರ್ ದಿನವೂ ಗೆಲ್ಲುತ್ತೇನೆಂದರೆ ಯಾರೂ ನಂಬರು. ಯಂತ್ರ ದಣಿಯುವುದಿಲ್ಲ, ಹೆದರುವುದಿಲ್ಲ, ನಿದ್ದೆ ಮಾಡುವುದಿಲ್ಲ ಎಂದರೆ ತಲೆಯಾಡಿಸುತ್ತೇವೆ. 'ಲಾಭ ಹೇಗೆ ಬರುತ್ತದೆ' ಎಂದು ಕೇಳಿದರೆ 'ಅಲ್ಗಾರಿದಮ್ ಗುಟ್ಟು, ಹೇಳುವ ಹಾಗಿಲ್ಲ' ಎಂಬುದು ಸಮರ್ಪಕ ಉತ್ತರದಂತೆಯೇ ಕೇಳಿಸುತ್ತದೆ. ಈಗ ಎಐ ಎಂಬ ಹೆಸರೂ ಸೇರಿದೆ. ಅಮೆರಿಕದ ಫ್ಯೂಚರ್ಸ್ ನಿಯಂತ್ರಕರು 2024ರ ಜನವರಿಯಲ್ಲಿ, ಎಐ ಯಾವ ಟ್ರೇಡಿಂಗ್ ಬಾಟನ್ನೂ ಹಣದ ಯಂತ್ರವಾಗಿ ಮಾಡದು ಎಂದು ಸಾರ್ವಜನಿಕ ಎಚ್ಚರಿಕೆ ಕೊಡಬೇಕಾಯಿತು.

ತಾಂತ್ರಿಕ ಜ್ಞಾನ ಇದ್ದವರಿಗೆಂದೇ ಹೆಣೆದ ಬಲೆ

ಕೋಡ್ ಓದಬಲ್ಲವರು, ಬೇರೆಯವರ ಕೈಗೆ ದುಡ್ಡು ಕೊಡದವರು, ಅವರಿಗೂ ಒಂದು ಬಗೆಯ ಮೋಸ ಸಿದ್ಧವಿದೆ. ಎಥೀರಿಯಂ ಎಂಬ ಕ್ರಿಪ್ಟೊ ಜಾಲದಲ್ಲಿ ಒಂದು ವ್ಯವಹಾರ ಬ್ಲಾಕ್ (ದಾಖಲೆಯ ಪುಟ) ಸೇರುವ ಮೊದಲು ಕೆಲವು ಕ್ಷಣ ಸರದಿಯಲ್ಲಿ ಕಾಯುತ್ತದೆ. ಆ ಸರದಿಯನ್ನು ಗಮನಿಸಿ, ದೊಡ್ಡ ಖರೀದಿಗಿಂತ ಮುಂಚೆ ತಾನು ಕೊಂಡು ಲಾಭ ಮಾಡುವ 'ಎಂಇವಿ ಬಾಟ್'ಗಳು ನಿಜಕ್ಕೂ ಇವೆ. ಪರಿಣತ ತಂಡಗಳು ಮಿಲಿಸೆಕೆಂಡುಗಳ ಪೈಪೋಟಿಯಲ್ಲಿ ಅವನ್ನು ನಡೆಸುತ್ತವೆ.

ಯೂಟ್ಯೂಬ್ ವಿಡಿಯೊ ಹೇಳುವುದು ಬೇರೆ. ವಿವರಣೆಯಲ್ಲಿರುವ ಕೊಂಡಿಯಿಂದ ಕೋಡ್ ನಕಲಿಸಿ, ರೀಮಿಕ್ಸ್ ಎಂಬ ಬ್ರೌಸರ್ ಸಂಪಾದಕದಲ್ಲಿ ಅಂಟಿಸಿ, ಕಂಪೈಲ್ ಮಾಡಿ, ಮೆಟಾಮಾಸ್ಕ್ ವಾಲೆಟ್ ಜೋಡಿಸಿ ಡಿಪ್ಲಾಯ್ ಮಾಡಿ, ಅಂದರೆ ಆ ಕೋಡನ್ನು ಜಾಲದ ಮೇಲೆ 'ಕಾಂಟ್ರ್ಯಾಕ್ಟ್' ಆಗಿ ಏರಿಸಿ. ಕಾಂಟ್ರ್ಯಾಕ್ಟ್ ವಿಳಾಸಕ್ಕೆ ಕನಿಷ್ಠ 0.5 ಈಥರ್ (ಎಥೀರಿಯಂನ ನಾಣ್ಯ) ಕಳಿಸಿ. 'ಸ್ಟಾರ್ಟ್' ಒತ್ತಿ. ಎಲ್ಲವೂ ನಿಮ್ಮ ಕೈಯಿಂದಲೇ, ನಿಮ್ಮ ವಾಲೆಟ್‌ನಿಂದಲೇ ಆಗುತ್ತದೆ. ಕಾಂಟ್ರ್ಯಾಕ್ಟ್ ಸೃಷ್ಟಿಸಿದವರು ನೀವೇ ಎಂದು ಜಾಲದ ವ್ಯವಹಾರಗಳನ್ನು ತೋರಿಸುವ ತಾಣವಾದ ಎಕ್ಸ್‌ಪ್ಲೋರರ್ ಕೂಡ ತೋರಿಸುತ್ತದೆ. ಇಷ್ಟಿದ್ದ ಮೇಲೆ ಮೋಸ ಎಲ್ಲಿಂದ ಬರಬೇಕು ಅನ್ನಿಸುವುದು ಸಹಜ.

ಮೋಸ ಇರುವುದು 'ಸ್ಟಾರ್ಟ್' ಎಂಬ ಫಂಕ್ಷನ್ ಒಳಗೆ. ಅದು ಯಾವ ವ್ಯಾಪಾರವನ್ನೂ ಮಾಡುವುದಿಲ್ಲ. ಕಾಂಟ್ರ್ಯಾಕ್ಟ್‌ನಲ್ಲಿರುವ ಪೂರ್ತಿ ಮೊತ್ತವನ್ನು ಒಂದು ವಿಳಾಸಕ್ಕೆ ಕಳಿಸುತ್ತದೆ. ವಿಳಾಸವನ್ನು ನೇರವಾಗಿ ಬರೆದರೆ ಕಣ್ಣಿಗೆ ಬೀಳುತ್ತದಲ್ಲ, ಆದ್ದರಿಂದ ಅದನ್ನು ಚೂರು ಮಾಡಿ ಹತ್ತು ಕಡೆ ಹಂಚಿರುತ್ತಾರೆ, ಇಲ್ಲವೇ ಭಾರೀ ದಶಮಾಂಶ ಸಂಖ್ಯೆಯಾಗಿ ಬರೆದಿರುತ್ತಾರೆ, ಅಥವಾ ಎರಡು ಸಂಖ್ಯೆಗಳನ್ನು ಬೆರೆಸುವ ಎಕ್ಸ್‌ಆರ್‌ನಿಂದ ಓಡುವಾಗ ಹುಟ್ಟುವಂತೆ ಮಾಡಿರುತ್ತಾರೆ. ನೂರಾರು ಸಾಲುಗಳ ಉಳಿದ ಕೋಡ್ ಬರೀ ಅಲಂಕಾರ. ಎಷ್ಟೋ ಸಲ 'ವಿತ್‌ಡ್ರಾ' ಫಂಕ್ಷನ್ ಕೂಡ ಅದೇ ವಿಳಾಸಕ್ಕೆ ಕಳಿಸುತ್ತದೆ. ಅನುಮಾನ ಬಂದು ವಾಪಸ್ ತೆಗೆಯಲು ಹೋದರೂ ದುಡ್ಡು ಅಲ್ಲಿಗೇ. ಸೆಂಟಿನೆಲ್‌ಲ್ಯಾಬ್ಸ್ ಸಂಶೋಧಕರು 2025ರಲ್ಲಿ ಇಂಥ ಒಂದು ಜಾಲಕ್ಕೆ ಸೇರಿದ ವಿಳಾಸದಲ್ಲಿ 240ಕ್ಕೂ ಹೆಚ್ಚು ಈಥರ್ ಸೇರಿದ್ದನ್ನು ಗುರುತಿಸಿದರು. 0.5 ಎಂಬ ಕನಿಷ್ಠ ಮೊತ್ತಕ್ಕೆ ಕೊಡುವ ಕಾರಣ ಗ್ಯಾಸ್ ಶುಲ್ಕ, ಅಂದರೆ ಜಾಲದ ವ್ಯವಹಾರ ಶುಲ್ಕ; ನಿಜವಾದ ಕಾರಣ, ಒಬ್ಬೊಬ್ಬರಿಂದಲೂ ದೊಡ್ಡ ಮೊತ್ತ ಸಿಗಲಿ ಎಂಬುದು.

ಇದನ್ನು ಪತ್ತೆ ಮಾಡಲು ಕೋಡಿನ ಪ್ರತಿ ಸಾಲು ಅರ್ಥವಾಗಬೇಕಿಲ್ಲ. ರೀಮಿಕ್ಸ್‌ನಲ್ಲೇ 'ರೀಮಿಕ್ಸ್ ವಿಎಂ' ಎಂಬ ಕೃತಕ ಪರಿಸರವಿದೆ, ತಲಾ 100 ನಕಲಿ ಈಥರ್ ಇರುವ ಖಾತೆಗಳ ಜೊತೆಗೆ. ಕಾಂಟ್ರ್ಯಾಕ್ಟ್ ಅನ್ನು ಅಲ್ಲಿ ಡಿಪ್ಲಾಯ್ ಮಾಡಿ, 1 ನಕಲಿ ಈಥರ್ ಹಾಕಿ, 'ಸ್ಟಾರ್ಟ್' ಒತ್ತಿ. ಅಲ್ಲಿ ಯಾವ ಮಾರುಕಟ್ಟೆಯೂ ಇಲ್ಲ. ವ್ಯಾಪಾರ ಸಾಧ್ಯವೇ ಇಲ್ಲ. ಆದರೂ ಕಾಂಟ್ರ್ಯಾಕ್ಟ್‌ನ ಬ್ಯಾಲೆನ್ಸ್ ಸೊನ್ನೆಯಾದರೆ ದುಡ್ಡು ಎಲ್ಲಿಗೋ ಹೊರಟಿತು ಎಂದರ್ಥ. ಐದು ನಿಮಿಷದ ಕೆಲಸ.

ಮೋಸ ಪಾಸಾಗಲಾರದ ಪರೀಕ್ಷೆಗಳು

ಕೇಳಬೇಕಾದ ಮೊದಲ ಪ್ರಶ್ನೆ ಲಾಭದ್ದಲ್ಲ, ದುಡ್ಡು ಎಲ್ಲಿ ಇರುತ್ತದೆ ಎಂಬುದು. ನಿಜವಾದ ಬಾಟ್ ಸೇವೆಯಲ್ಲಿ ನಿಮ್ಮ ದುಡ್ಡು ನಿಮ್ಮದೇ ಎಕ್ಸ್‌ಚೇಂಜ್ ಖಾತೆಯಲ್ಲಿ ಇರುತ್ತದೆ. ನೀವು ಎಪಿಐ ಕೀ ಎಂಬ ಸೀಮಿತ ಅಧಿಕಾರ ಕೊಡುತ್ತೀರಿ: ಓದಬಹುದು, ಕೊಳ್ಳಬಹುದು, ಮಾರಬಹುದು, ಹೊರಗೆ ಕಳಿಸುವಂತಿಲ್ಲ. ಕೀ ಮಾಡುವಾಗ ವಿತ್‌ಡ್ರಾವಲ್ ಅನುಮತಿಯ ಗುರುತು ತೆಗೆದಿರಬೇಕು, ಬಾಟ್ ಸೇವೆಯ ಐಪಿ ವಿಳಾಸಕ್ಕಷ್ಟೇ ಕೀ ಸೀಮಿತವಾಗಿರಬೇಕು. ಇಷ್ಟಾದರೂ ಅಪಾಯ ಪೂರ್ತಿ ಹೋಗದು. 2022ರ ಡಿಸೆಂಬರ್‌ನಲ್ಲಿ ತ್ರೀಕಾಮಾಸ್ ಎಂಬ ಹೆಸರುವಾಸಿ ಬಾಟ್ ಸೇವೆಯ ಬಳಕೆದಾರರ ಎಪಿಐ ಕೀಗಳು ಸೋರಿದ್ದವು. ಕಳ್ಳರ ಕೈಗೆ ವಿತ್‌ಡ್ರಾ ಅಧಿಕಾರ ಇಲ್ಲದಿದ್ದರೂ, ಬೆಲೆಯಿಲ್ಲದ ಕಾಯಿನ್ ಅನ್ನು ನಿಮ್ಮ ಖಾತೆಯಿಂದ ದುಬಾರಿಗೆ ಕೊಳ್ಳಿಸಿ ದುಡ್ಡು ಸೆಳೆಯಬಹುದು. ಇದು ನಿಜವಾದ ಬಾಟ್‌ನ ಅಪಾಯ. 'ನಮ್ಮ ವಾಲೆಟ್‌ಗೆ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ) ಕಳಿಸಿ' ಎನ್ನುವುದು, ಅಥವಾ ನಿಮ್ಮ ವಾಲೆಟ್‌ನ 12 ಪದಗಳ ಗುಟ್ಟನ್ನು ಕೇಳುವುದು ಬಾಟ್ ಸೇವೆಯೇ ಅಲ್ಲ.

ಎರಡನೆಯದು ದುಡ್ಡಿನ ಜಾಡು. ಯುಎಸ್‌ಡಿಟಿ ಕಳಿಸಲು ಅವರು ಕೊಟ್ಟ ವಿಳಾಸ ಟ್ರಾನ್ ಜಾಲದ್ದಾದರೆ ಟ್ರಾನ್‌ಸ್ಕ್ಯಾನ್‌ನಲ್ಲಿ, ಎಥೀರಿಯಂನದ್ದಾದರೆ ಈಥರ್‌ಸ್ಕ್ಯಾನ್‌ನಲ್ಲಿ ಹಾಕಿ ನೋಡಿ. ಎಕ್ಸ್‌ಚೇಂಜ್‌ನಲ್ಲಿ ವ್ಯಾಪಾರ ಮಾಡುವ ಬಾಟ್‌ಗೆ ದುಡ್ಡು ಎಕ್ಸ್‌ಚೇಂಜ್‌ಗೆ ಹೋಗಬೇಕು, ಲಾಭ ಅಲ್ಲಿಂದಲೇ ಬರಬೇಕು. ಮೋಸದ ಜಾಡು ಬೇರೆಯೇ ತರ: ನೂರಾರು ಸಣ್ಣ ವಿಳಾಸಗಳಿಂದ ಬಂದದ್ದು ಒಂದೇ ವಾಲೆಟ್‌ಗೆ ಸೇರುತ್ತದೆ, ಆ ವಾಲೆಟ್‌ನಿಂದಲೇ ಚಿಲ್ಲರೆ ಮೊತ್ತಗಳು ಮತ್ತೆ ನೂರಾರು ವಿಳಾಸಗಳಿಗೆ ಹೊರಡುತ್ತವೆ. ನಿಮಗೆ ಬಂದ ಏಳುನೂರು ಯಾವ ವಿಳಾಸದಿಂದ ಬಂತು ಎಂದು ಹಿಂಬಾಲಿಸಿದರೆ ಇನ್ನೊಬ್ಬ ಹೂಡಿಕೆದಾರರ ಠೇವಣಿ ಸಿಗುತ್ತದೆ.

ಮೂರನೆಯದು ತೆರಿಗೆ. ಭಾರತದಲ್ಲಿರುವವರಿಗೆ ಇದರಷ್ಟು ಹರಿತವಾದ ಪರೀಕ್ಷೆ ಇನ್ನೊಂದಿಲ್ಲ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಒಂದು ವ್ಯವಹಾರದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಬಾಟ್ ನೂರು ಸಲ ಕೊಂಡು ಮಾರಿ, ಗೆದ್ದವುಗಳಲ್ಲಿ 60 ಸಾವಿರ ಲಾಭ, ಸೋತವುಗಳಲ್ಲಿ 50 ಸಾವಿರ ನಷ್ಟ ಮಾಡಿದರೆ ಕೈಗೆ ಬಂದದ್ದು 10 ಸಾವಿರ. ತೆರಿಗೆ 60 ಸಾವಿರಕ್ಕೆ, ಅಂದರೆ 18,720 ರೂಪಾಯಿ. ಲಾಭದ ಬಾಟ್ 8,720 ರೂಪಾಯಿ ನಷ್ಟ ತಂದಿತು. ಜೊತೆಗೆ 2022ರ ಜುಲೈನಿಂದ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್ ಇದೆ. ಒಂದು ಲಕ್ಷವನ್ನು ಲಾಭ-ನಷ್ಟ ಏನೂ ಇಲ್ಲದೆ 50 ಸಲ ಮಾರಿ ಕೊಂಡರೆ ವಹಿವಾಟಿಗೆ ಉಳಿಯುವುದು ಸುಮಾರು 60,500. ಮಿಕ್ಕದ್ದು ರಿಟರ್ನ್ ಸಲ್ಲಿಸುವವರೆಗೆ ತೆರಿಗೆ ಇಲಾಖೆಯಲ್ಲಿ ಕೂತಿರುತ್ತದೆ. ದಿನಕ್ಕೆ ನೂರಾರು ಸ್ಪಾಟ್ (ನೇರವಾಗಿ ಕೊಳ್ಳುವ, ಮಾರುವ) ಟ್ರೇಡ್ ಮಾಡಿ ನಿಮಗೆ ನಿವ್ವಳ ಲಾಭ ಕೊಡುತ್ತೇನೆನ್ನುವವರನ್ನು ಒಂದೇ ಮಾತು ಕೇಳಿ: ಕಳೆದ ತ್ರೈಮಾಸಿಕದ ಟ್ರೇಡ್‌ವಾರು ಪಟ್ಟಿ ಮತ್ತು ಟಿಡಿಎಸ್ ವಿವರ ಕೊಡಿ, ಇಲಾಖೆಯಲ್ಲಿ ನನ್ನ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ ಜೊತೆ ತಾಳೆ ನೋಡುತ್ತೇನೆ. ಇದಕ್ಕೆ ಮೋಸಗಾರರ ಬಳಿ ಉತ್ತರವಿಲ್ಲ.

ಇನ್ನೊಂದು ಪರೀಕ್ಷೆ ಪೂರ್ತಿ ವಿತ್‌ಡ್ರಾ. ಲಾಭವನ್ನಲ್ಲ, ಅಸಲು ಸಮೇತ ಎಲ್ಲವನ್ನೂ, ನೀವು ಗೊತ್ತುಮಾಡಿದ ದಿನ. ಹಾಗೆ ತೆಗೆದು ಖಾತೆ ಮುಚ್ಚಲು ಬಿಡದ ಯೋಜನೆಯಲ್ಲಿ ಆ ದುಡ್ಡು ಈಗಾಗಲೇ ನಿಮ್ಮದಲ್ಲ.

ದುಡ್ಡು ಸಿಕ್ಕಿಕೊಂಡ ಮೇಲೆ

ಕೊನೆಯ ಹಂತದಲ್ಲಿ ಎರಡನೇ ಸುಲಿಗೆ ಶುರುವಾಗುತ್ತದೆ. ವಿತ್‌ಡ್ರಾ ಕೇಳಿದರೆ 'ಪೆಂಡಿಂಗ್'. ವಿಚಾರಿಸಿದರೆ, ಲಾಭದ ಶೇ 30 ತೆರಿಗೆಯನ್ನು ಮೊದಲು ಕಟ್ಟಿ ಎನ್ನುತ್ತಾರೆ. ಕಟ್ಟಿದರೆ ಪರಿಶೀಲನಾ ಠೇವಣಿ, ಅದನ್ನೂ ಕೊಟ್ಟರೆ ವಾಲೆಟ್ ಅನ್‌ಲಾಕ್ ಶುಲ್ಕ. ಪರದೆಯಲ್ಲಿ 40 ಲಕ್ಷ ಕಾಣುತ್ತಿರುವಾಗ ಎರಡು ಲಕ್ಷ ಹೊಂದಿಸುವುದು ಬುದ್ಧಿವಂತಿಕೆ ಎಂದೇ ಅನ್ನಿಸುತ್ತದೆ. ಮನೆಯ ಒಡವೆ ಅಡವಿಗೆ ಹೋಗುವುದು ಈ ಹಂತದಲ್ಲಿ. ನೆನಪಿಡಿ, ಆದಾಯ ತೆರಿಗೆಯನ್ನು ನಾವು ಕಟ್ಟುವುದು ಇಲಾಖೆಯ ಪೋರ್ಟಲ್‌ನಲ್ಲಿ ಚಲನ್ ಮೂಲಕ. ಟಿಡಿಎಸ್ ಆದರೆ ಕೊಡುವ ಮೊತ್ತದಲ್ಲೇ ಹಿಡಿದುಕೊಳ್ಳುತ್ತಾರೆ. ಯಾವುದೋ ಆ್ಯಪ್‌ಗೆ ಹೊಸದಾಗಿ ದುಡ್ಡು ಕಳಿಸಿ ಕಟ್ಟುವ ತೆರಿಗೆ ಎಂಬುದು ಇಲ್ಲವೇ ಇಲ್ಲ.

ಅನುಮಾನ ಬಂದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ನಿಮ್ಮ ಸೈಬರ್ ಅಪರಾಧ ಠಾಣೆಗೂ ಕೊಡಿ. ದುಡ್ಡು ಇನ್ನೂ ಯಾವುದಾದರೂ ಬ್ಯಾಂಕ್ ಖಾತೆಯಲ್ಲಿದ್ದರೆ ತಡೆಹಿಡಿಯಲು ಗಂಟೆಗಳ ಲೆಕ್ಕದಲ್ಲಷ್ಟೇ ಅವಕಾಶ. ಕ್ರಿಪ್ಟೊ ಆಗಿ ಬದಲಾದ ಮೇಲೆ ಕೆಲಸ ತುಂಬ ಕಷ್ಟ. ಬ್ಯಾಂಕ್ ವರ್ಗಾವಣೆಯ ಯುಟಿಆರ್ ಸಂಖ್ಯೆ, ಕ್ರಿಪ್ಟೊ ವರ್ಗಾವಣೆಯ ಟ್ರಾನ್ಸಾಕ್ಷನ್ ಹ್ಯಾಶ್ (ಅದರ ಗುರುತು ಸಂಖ್ಯೆ), ಕಳಿಸಿದ ಮತ್ತು ಬಂದ ವಾಲೆಟ್ ವಿಳಾಸಗಳು, ಡ್ಯಾಶ್‌ಬೋರ್ಡ್‌ನ ದಿನಾಂಕಸಹಿತ ಸ್ಕ್ರೀನ್‌ಶಾಟ್, ಟೆಲಿಗ್ರಾಂ ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿದ ಕಡತ, ಇಷ್ಟನ್ನೂ ತೆಗೆದಿಟ್ಟುಕೊಳ್ಳಿ. ಸಿಟ್ಟಿಗೆ ಗುಂಪಿನಿಂದ ಹೊರಬಂದು ಚಾಟ್ ಅಳಿಸಿದರೆ ಸಾಕ್ಷಿಯೂ ಹೋಗುತ್ತದೆ. ಬೇರೆಯವರನ್ನು ಸೇರಿಸಿ ಕಮಿಷನ್ ಪಡೆದಿದ್ದರೆ ವಕೀಲರ ಸಲಹೆ ಬೇಕೇಬೇಕು. ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ 1978ರ ಕಾಯ್ದೆ ಮತ್ತು ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕಾಯ್ದೆ ಯೋಜನೆಗೆ ಪ್ರಚಾರ ಮಾಡಿದವರನ್ನೂ ಮುಟ್ಟುತ್ತವೆ. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ರಾಜ್ಯ ಕಾಯ್ದೆಯಿದೆ. ಅದರಡಿ ಆರೋಪಿಗಳ ಆಸ್ತಿ ಜಪ್ತಿ ಮಾಡಿ ಹಂಚಲು ಸಾಧ್ಯ. ನಿಮ್ಮ ಹೆಸರು ದೂರುದಾರರ ಪಟ್ಟಿಯಲ್ಲಿ ಇರಬೇಕು.

ದೂರು ಕೊಟ್ಟ ಕೆಲವು ವಾರಗಳಲ್ಲಿ 'ನಿಮ್ಮ ಕ್ರಿಪ್ಟೊ ವಾಪಸ್ ತರಿಸಿಕೊಡುತ್ತೇವೆ' ಎಂಬ ಕರೆ ಬರಬಹುದು. ನೀವು ಎಷ್ಟು ಕಳೆದುಕೊಂಡಿರಿ ಎಂಬುದು ಅವರಿಗೆ ರೂಪಾಯಿ ಸಮೇತ ಗೊತ್ತಿರುತ್ತದೆ, ಏಕೆಂದರೆ ಮೋಸಹೋದವರ ಪಟ್ಟಿ ವಂಚಕರ ನಡುವೆ ಕೈಬದಲಾಗುತ್ತದೆ. ಮುಂಗಡ ಶುಲ್ಕ ಕೇಳಿದರೆ ಫೋನ್ ಇಡಿ. ಬಿಟ್‌ಕನೆಕ್ಟ್ ಪ್ರಕರಣದಲ್ಲಿ ಅದರ ಮುಖ್ಯ ಪ್ರಚಾರಕ ಗ್ಲೆನ್ ಆರ್ಕಾರೊ ತಪ್ಪೊಪ್ಪಿಕೊಂಡು 38 ತಿಂಗಳ ಶಿಕ್ಷೆಗೆ ಒಳಗಾದ. ಆತನಿಂದ ವಶಪಡಿಸಿಕೊಂಡ ಕ್ರಿಪ್ಟೊ ಮಾರಿ ಬಂದ ಹಣದಲ್ಲಿ 1.7 ಕೋಟಿ ಡಾಲರನ್ನು 2023ರ ಜನವರಿಯಲ್ಲಿ ಅಮೆರಿಕದ ನ್ಯಾಯಾಲಯ 40ಕ್ಕೂ ಹೆಚ್ಚು ದೇಶಗಳ ಸುಮಾರು 800 ಮಂದಿಗೆ ಹಂಚಲು ಆದೇಶಿಸಿತು. ಪ್ರಪಂಚದಾದ್ಯಂತ ಕಳೆದುಕೊಂಡವರ ಲೆಕ್ಕದಲ್ಲಿ 800 ತೀರಾ ಸಣ್ಣ ಸಂಖ್ಯೆ. ಇಂಥ ಹಂಚಿಕೆಯಲ್ಲಿ ಪಾಲು ಕೇಳಲು ಬೇಕಾಗುವುದು ದುಡ್ಡು ಯಾವ ದಿನ, ಯಾವ ವಿಳಾಸದಿಂದ, ಯಾವ ವಿಳಾಸಕ್ಕೆ ಹೋಯಿತು ಎಂಬ ದಾಖಲೆ.